ಗೃಹಾಲಂಕಾರದಲ್ಲಿ ಊರಹಬ್ಬದ ಚಿತ್ರ: ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ

ಹಳ್ಳಿಯ ಜಾತ್ರೆ, ಮದುವೆ, ಕುಣಿತ, ಪಂದ್ಯ, ಊಟಗಳನ್ನು ವಿಷಯವಾಗಿಟ್ಟುಕೊಂಡು ವಾಸದ ಮನೆಯ ಗೋಡೆಗೆಂದು ಬರೆಸಿದ ಅಥವಾ ಆರಿಸಿ ತಂದ ಚಿತ್ರವೇ ಊರಹಬ್ಬದ ಚಿತ್ರ. ದೇವರ ಪಟಕ್ಕೆ ದೀಪ ಹಚ್ಚುತ್ತೇವೆ, ಹಿರಿಯರ ಭಾವಚಿತ್ರಕ್ಕೆ ಹಾರ ಹಾಕುತ್ತೇವೆ; ಇದನ್ನು ಸುಮ್ಮನೆ ನೋಡುತ್ತೇವೆ. ನೋಡುವ ಸುಖಕ್ಕಾಗಿಯೇ ಗೋಡೆಗೇರುವ ಈ ಪ್ರಕಾರ 16ನೇ ಶತಮಾನದಲ್ಲಿ ಇಂದಿನ ಬೆಲ್ಜಿಯಂನ ಫ್ಲಾಂಡರ್ಸ್‌ನಲ್ಲಿ ಹುರಿಗೊಂಡಿತು. ದಕ್ಷಿಣ ಕನ್ನಡದ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳಲ್ಲಿ ಇದಕ್ಕೆ ಹತ್ತಿರದ ಅಲಂಕಾರವೊಂದು ಈಚಿನ ದಶಕಗಳಲ್ಲಿ ಬೆಳೆದಿದೆ. ಹೊಸ ಮನೆಯ ಹಾಲ್‌ನಲ್ಲಿ ಕಂಬಳದ ಕೋಣಗಳು, ಸಿಟೌಟಿನ ಗೋಡೆಯಲ್ಲಿ ಯಕ್ಷಗಾನದ ಬಣ್ಣದ ವೇಷ, ಕಂಪೌಂಡಿನ ಮೇಲೆ ಸಿಮೆಂಟಿನ ಹುಲಿವೇಷ. ಎರಡೂ ಕಡೆ ಗೋಡೆಗೇರಿದ್ದು ಬೇಸಾಯಗಾರರ ಸಂಭ್ರಮವೇ. ಆದರೆ ಅದನ್ನು ಗೋಡೆಗೇರಿಸಿದವರಿಗೂ ಆ ಸಂಭ್ರಮಕ್ಕೂ ಇದ್ದ ನಂಟು ಅಲ್ಲಿ ಒಂದು ಬಗೆ, ಇಲ್ಲಿ ಇನ್ನೊಂದು ಬಗೆ.

ಫ್ಲಾಂಡರ್ಸ್‌ನ ಕಥೆ ಆಂಟ್‌ವರ್ಪ್ ಪೇಟೆಯದು. ಭಾರತದ ಪಶ್ಚಿಮ ಕರಾವಳಿಯಲ್ಲಿ ಬೆಳೆದ ಕರಿಮೆಣಸು ಪೋರ್ಚುಗೀಸರ ಹಡಗಿನಲ್ಲಿ ಲಿಸ್ಬನ್ ತಲುಪಿ, ಅಲ್ಲಿಂದ ಈ ಬಂದರಿಗೆ ಬಂದು ಉತ್ತರ ಯುರೋಪಿಗೆಲ್ಲ ಹಂಚಿಕೆಯಾಗುತ್ತಿತ್ತು. ವ್ಯಾಪಾರದಲ್ಲಿ ಹಣ ಕಂಡವರು ಮನೆ ಕಟ್ಟಿಸಿದರು, ಮನೆಗೆ ಚಿತ್ರ ಬೇಕಾಯಿತು. 1540ರಲ್ಲಿ ಅಲ್ಲಿನ ವರ್ತಕರ ವಿನಿಮಯ ಕಟ್ಟಡದ ಮೇಲಂತಸ್ತಿನಲ್ಲಿ ಚಿತ್ರ ಮಾರುವುದಕ್ಕೆಂದೇ ಮಳಿಗೆಗಳು ತೆರೆದವು. ಚರ್ಚಿನಿಂದಲೋ ಅರಮನೆಯಿಂದಲೋ ಅಪ್ಪಣೆ ಬಂದ ಮೇಲೆ ಬರೆಯುತ್ತಿದ್ದ ಕಲಾವಿದ ಈಗ ಮೊದಲೇ ಬರೆದಿಟ್ಟು ಗಿರಾಕಿಗೆ ಕಾಯತೊಡಗಿದ. ಗಿರಾಕಿ ಕೇಳಿದ್ದು ಬರೀ ಸಂತರನ್ನಲ್ಲ. ನಗರದ ಹೊರಗಿನ ಹಳ್ಳಿಗಳಲ್ಲಿ ಚರ್ಚಿನ ವಾರ್ಷಿಕೋತ್ಸವದ ದಿನ ನಡೆಯುವ ಕೆರ್ಮಿಸ್ ಎಂಬ ಜಾತ್ರೆ, ಅಲ್ಲಿನ ಬಿಯರು, ಬ್ಯಾಗ್‌ಪೈಪು, ಕುಣಿತ, ಜಗಳ ಎಲ್ಲವೂ ಆತನಿಗೆ ಬೇಕಿದ್ದವು.

ಈ ಬೇಡಿಕೆಗೆ ಮಹಾಕಲೆಯ ಮಟ್ಟ ತಂದುಕೊಟ್ಟವನು ಪೀಟರ್ ಬ್ರೂಗೆಲ್. 1569ರಲ್ಲಿ ತೀರಿಕೊಂಡ ಆತನ ಕೊನೆಯ ವರ್ಷಗಳಲ್ಲಿ ‘ಮದುವೆಯ ಕುಣಿತ’ (1566), ಸುಮಾರು 1567ರ ‘ರೈತರ ಮದುವೆ’ ಮತ್ತು ‘ರೈತರ ಕುಣಿತ’ ಹುಟ್ಟಿದವು. ಮೊದಲನೆಯದು ಈಗ ಅಮೆರಿಕದ ಡೆಟ್ರಾಯಿಟ್‌ನಲ್ಲಿದೆ, ಉಳಿದೆರಡು ವಿಯೆನ್ನಾದಲ್ಲಿ. ‘ರೈತರ ಮದುವೆ’ಯಲ್ಲಿ ಕಣಜದ ಮನೆಯೇ ಊಟದ ಚಪ್ಪರ. ಕೀಲಿನಿಂದ ಕಿತ್ತ ಬಾಗಿಲ ಹಲಗೆಯ ಮೇಲೆ ಬಟ್ಟಲುಗಳನ್ನಿಟ್ಟು ಇಬ್ಬರು ಹೊತ್ತು ತರುತ್ತಾರೆ. ಮದುಮಗಳು ಕೈ ಜೋಡಿಸಿ ಕಣ್ಣು ಅರೆ ಮುಚ್ಚಿ ಕುಳಿತಿದ್ದಾಳೆ. ವಾದ್ಯದವನ ಕಣ್ಣು ಊಟದ ಮೇಲೆ. ನೆಲದಲ್ಲಿ ಕುಳಿತ ಮಗು, ನವಿಲುಗರಿ ಸಿಕ್ಕಿಸಿದ ದೊಡ್ಡವರ ಟೋಪಿಯೊಳಗೆ ಮುಖ ಮುಳುಗಿಸಿ ಬೆರಳು ನೆಕ್ಕುತ್ತಿದೆ. ಮದುವೆ ಮನೆಯ ಪಂಕ್ತಿಯಲ್ಲಿ ಕುಳಿತು ಬಡಿಸುವವರ ದಾರಿ ನೋಡಿದ ಯಾರಿಗೂ ಈ ಚಿತ್ರಕ್ಕೆ ವಿವರಣೆ ಬೇಕಾಗದು.

ಇವು ಎಲ್ಲಿ ತೂಗುತ್ತಿದ್ದವು ಎಂಬುದಕ್ಕೆ ದಾಖಲೆಗಳಿವೆ. ನಿಕ್ಲಾಸ್ ಯೊಂಗೆಲಿಂಕ್ ಎಂಬ ವರ್ತಕನ ಬಳಿ ಬ್ರೂಗೆಲನ 16 ಚಿತ್ರಗಳಿದ್ದುದು 1566ರ ಜಾಮೀನು ಪತ್ರವೊಂದರಿಂದ ಗೊತ್ತಾಗುತ್ತದೆ. ಊರ ಹೊರಗಿನ ಅವನ ಬಂಗಲೆಗಾಗಿ ಬರೆದ ಋತುಮಾನಗಳ ಸರಣಿಯ ಐದು ಹಲಗೆಗಳು ಇಂದಿಗೂ ಉಳಿದಿವೆ. ಟಂಕಸಾಲೆಯ ಮುಖ್ಯಸ್ಥನಾಗಿದ್ದ ಜಾನ್ ನ್ವಾರೋ 1572ರಲ್ಲಿ ದಿವಾಳಿಯಾದಾಗ ಮಾಡಿದ ಸೊತ್ತಿನ ಪಟ್ಟಿಯಲ್ಲಿ ರೈತರ ಮದುವೆ, ಕೆರ್ಮಿಸ್ ಚಿತ್ರಗಳು ಆತನ ಊಟದ ಕೋಣೆಯಲ್ಲಿದ್ದುದಾಗಿ ಬರೆದಿದೆ. ಉಳ್ಳವರು ತಮ್ಮ ಮೇಜಿನ ಸುತ್ತ ಕುಳಿತು ಬಡವರ ಪಂಕ್ತಿಯನ್ನು ನೋಡುತ್ತ ಉಣ್ಣುತ್ತಿದ್ದರು. ನೋಡಿ ನಗುತ್ತಿದ್ದರೇ, ಮೆಚ್ಚುತ್ತಿದ್ದರೇ ಎಂದು ವಿದ್ವಾಂಸರು ಇಂದಿಗೂ ವಾದಿಸುತ್ತಾರೆ. ಐದನೆಯ ಚಾರ್ಲ್ಸ್ ಚಕ್ರವರ್ತಿ 1531ರಲ್ಲಿ ಕೆರ್ಮಿಸ್ ಒಂದು ದಿನಕ್ಕಿಂತ ಹೆಚ್ಚು ನಡೆಯಕೂಡದೆಂದು ಆಜ್ಞೆ ಹೊರಡಿಸಿದ್ದ. ಆಳುವವರ ಕಣ್ಣಿಗೆ ಅದು ಪುಂಡಾಟದ ಕೂಟ. ಬ್ರೂಗೆಲನಂತೂ ಹ್ಯಾನ್ಸ್ ಫ್ರಾಂಕರ್ಟ್ ಎಂಬ ಗೆಳೆಯನ ಜೊತೆ ರೈತರ ಉಡುಪು ತೊಟ್ಟು, ಉಡುಗೊರೆ ಹಿಡಿದು, ಮದುಮಕ್ಕಳ ನೆಂಟರೆಂದು ಹೇಳಿಕೊಂಡು ಹಳ್ಳಿಯ ಮದುವೆಗಳಿಗೆ ಹೋಗುತ್ತಿದ್ದನೆಂದು 1604ರಲ್ಲಿ ಕಾರೆಲ್ ವಾನ್ ಮಾಂಡರ್ ಬರೆದ. ಕಥೆ ನಿಜವೋ ಕಟ್ಟಿದ್ದೋ, ಒಂದು ಮಾತನ್ನು ಅದು ಸ್ಪಷ್ಟಪಡಿಸುತ್ತದೆ: ಆ ಹಬ್ಬದೊಳಗೆ ಹೋಗಲು ಚಿತ್ರಕಾರನಿಗೆ ವೇಷ ಬೇಕಿತ್ತು.

ಮುಂದಿನ ತಲೆಮಾರಿನಲ್ಲಿ ಇದು ದೊಡ್ಡ ವ್ಯಾಪಾರವಾಯಿತು. ಅದೇ ಹೆಸರಿನ ಹಿರಿಮಗ ತಂದೆಯ ಚಿತ್ರಗಳ ನಕಲುಗಳನ್ನು ಕಾರ್ಖಾನೆಯ ಮಟ್ಟದಲ್ಲಿ ತಯಾರಿಸಿದ. ರೂಬೆನ್ಸ್ 1630ರ ದಶಕದಲ್ಲಿ ಒಂದು ಕೆರ್ಮಿಸ್ ಬರೆದ. ಕಿರಿಯ ಡೇವಿಡ್ ಟೆನಿಯರ್ಸ್ (1610–1690) ರೈತರ ಕುಣಿತವನ್ನು ಹದಗೊಳಿಸಿ ಮೆದುಗೊಳಿಸಿದ. ಅವನ ಹೆಸರಿನಲ್ಲೇ ಬ್ರಸೆಲ್ಸ್‌ನ ಮಗ್ಗಗಳಲ್ಲಿ ನೇಯ್ದ ಗೋಡೆಪರದೆಗಳು 18ನೇ ಶತಮಾನದವರೆಗೂ ಯುರೋಪಿನ ಬಂಗಲೆಗಳಿಗೆ ಹೋದವು.

ನಮ್ಮ ಮೂರು ತಾಲೂಕುಗಳ ಹಳೆಯ ಮನೆಗಳಲ್ಲಿ ಅಲಂಕಾರ ಗೋಡೆಯಲ್ಲಿರಲಿಲ್ಲ, ಮರದಲ್ಲಿತ್ತು. ಊರಿನ ಹಿರಿಯ ಜಮೀನ್ದಾರ ಮನೆತನದ, ಅಂದರೆ ಗುತ್ತಿನ ಮನೆಯ ಚಾವಡಿಯಲ್ಲಿ ಹಲಸಿನ ಮರದ ಕಂಬ, ಬೋದಿಗೆ, ಮುಚ್ಚಿಗೆ, ತೂಗುವ ಉಯ್ಯಾಲೆ ಇಷ್ಟರಲ್ಲೇ ಮನೆತನದ ಘನತೆ ತೋರುತ್ತಿತ್ತು. ಗೋಡೆ ಮಣ್ಣಿನದು, ಇಲ್ಲವೇ ಮುರಕಲ್ಲಿನದು. ಸುಣ್ಣ ಹಚ್ಚಿದರೆ ಮುಗಿಯಿತು. ಈ ಮರಗೆತ್ತನೆಯ ಶಿಖರವನ್ನು ನೋಡಬೇಕಾದರೆ ಮೂಡುಬಿದಿರೆಯ ಚೌಟರ ಅರಮನೆಗೆ ಹೋಗಬೇಕು. ಒಂಬತ್ತು ಹೆಂಗಸರ ಮೈಗಳು ಹೆಣೆದು ಆನೆಯಾದ ನವನಾರೀ ಕುಂಜರ, ಐವರು ಸೇರಿ ಕುದುರೆಯಾದ ಪಂಚನಾರೀ ತುರಗ ಅಲ್ಲಿನ ಕಂಬಗಳಲ್ಲಿವೆ. ಅದು ವಾಸದ ಮನೆಯ ಅಲಂಕಾರವೇ, ನೋಟದ ಆಟವೇ. ಆದರೂ ಅದರಲ್ಲಿ ಗದ್ದೆಯವರಿಲ್ಲ. 1430ರಲ್ಲಿ ಕಟ್ಟಲಾದ ಅದೇ ಊರಿನ ಸಾವಿರ ಕಂಬದ ಬಸದಿಯ ಕೆತ್ತನೆಗಳಲ್ಲಿ ಜಿರಾಫೆಗೂ ಚೀನದ ಡ್ರ್ಯಾಗನ್ನಿಗೂ ಜಾಗ ಸಿಕ್ಕಿದೆ. ಜೈನಮಠದ ಧವಲಾ ತಾಳೆಗರಿಗಳಲ್ಲಿ 12ನೇ ಶತಮಾನದ ಆರಂಭದ ಬಣ್ಣದ ಚಿತ್ರಗಳಿವೆ, ಅವು ಜಿನರವು, ಯಕ್ಷಿಯರವು, ಭಕ್ತರವು. ಕಡಲಾಚೆಯ ಪ್ರಾಣಿ ಕಲ್ಲಿಗೆ ಬಂದರೂ ಏಣೆಲು ಬೆಳೆ ಕೊಯ್ದ ಗದ್ದೆಯಲ್ಲಿ ಕೋಣ ಓಡಿಸುವವನು ಮನೆಯ ಅಲಂಕಾರವಾಗಲು ಕಾಲ ಇನ್ನೂ ದೂರವಿತ್ತು.

ಯುರೋಪಿನ ಕುಂಚ ಕರಾವಳಿಗೆ ಬಂದದ್ದೂ ಧರ್ಮದ ದಾರಿಯಲ್ಲೇ. ಇಟಲಿಯ ಜೆಸ್ವಿಟ್ ಸಹೋದರ ಆಂತೋನಿಯೊ ಮೊಸ್ಕೆನಿ 19ನೇ ಶತಮಾನ ಮುಗಿಯುವ ಹೊತ್ತಿಗೆ ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲಿನ ಗೋಡೆ, ಚಾವಣಿಗಳನ್ನು ಚಿತ್ರಗಳಿಂದ ತುಂಬಿದ; ಅವು ಸಂತರ ಕಥೆಗಳು. ಮನೆಗಳಿಗೆ ಮೊದಲು ಬಂದ ಅಗ್ಗದ ಬಣ್ಣದ ಚಿತ್ರವೆಂದರೆ ರವಿವರ್ಮ ಪ್ರೆಸ್ಸಿನ ಲಕ್ಷ್ಮಿ, ಸರಸ್ವತಿ. 1894ರಲ್ಲಿ ಮುಂಬಯಿಯಲ್ಲಿ ಆರಂಭವಾದ ಆ ಮುದ್ರಣಾಲಯದ ಪಟಗಳು ಗುತ್ತಿನ ಚಾವಡಿಗೂ ಪೇಟೆಯ ಅಂಗಡಿಗೂ ತಲುಪಿದವು. ಆಮೇಲೆ ಕ್ಯಾಲೆಂಡರು ಬಂತು, ಕಲಬುರಗಿಯ ಎಸ್. ಎಂ. ಪಂಡಿತರ ಪುರಾಣದೃಶ್ಯಗಳು ವರ್ಷಕ್ಕೊಮ್ಮೆ ಗೋಡೆ ಬದಲಿಸಿದವು. ಕ್ರೈಸ್ತರ ಮನೆಗಳಲ್ಲಿ ಊಟದ ಮೇಜಿನ ಮೇಲ್ಗಡೆ ಯೇಸುವಿನ ಕೊನೆಯ ಭೋಜನದ ಪಟ ತೂಗಿತು. ನ್ವಾರೋನ ಊಟದ ಕೋಣೆಗೆ ಈ ಸೀಮೆಯಲ್ಲಿ ತೀರ ಹತ್ತಿರದ್ದು ಅದೇ, ಪಂಕ್ತಿ ಮಾತ್ರ ಬೇರೆ. ಜೈನರ ಮನೆಗಳಲ್ಲಿ ವೇಣೂರಿನ ಗೊಮ್ಮಟನ ಪಟ. 1604ರಲ್ಲಿ ಅಜಿಲರ ಅರಸ ತಿಮ್ಮಣ್ಣ ನಿಲ್ಲಿಸಿದ, ಸುಮಾರು 35 ಅಡಿಯ ಈ ಮೂರ್ತಿಗೆ 2012 ಮತ್ತು 2024ರಲ್ಲಿ ಮಹಾಮಸ್ತಕಾಭಿಷೇಕ ನಡೆಯಿತು. ಅರಿಶಿನ, ಚಂದನ ಇಳಿಯುವ ಗೊಮ್ಮಟನ ಫೋಟೋದಲ್ಲಿ ಕೆಳಗೆ ಕಿಕ್ಕಿರಿದ ಜನರೂ ಇರುತ್ತಾರೆ. ದೇವರ ಪಟವೂ ಜಾತ್ರೆಯ ಪಟವೂ ಒಂದೇ ಚೌಕಟ್ಟಿನಲ್ಲಿ ಸೇರುವ ಉದಾಹರಣೆ ಇದು.

ಗೋಡೆಯ ಮೇಲೆ ಗದ್ದೆ ಬರಬೇಕಾದರೆ ಮೊದಲು ಗದ್ದೆಯವನಿಗೆ ಗೋಡೆ ಬೇಕು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ ಕಾಯ್ದೆ ದಕ್ಷಿಣ ಕನ್ನಡವನ್ನು ಬುಡದಿಂದ ಬದಲಿಸಿತು. ಚಾಲಗೇಣಿಯ ಒಕ್ಕಲು ಡಿಕ್ಲರೇಶನ್ ಕೊಟ್ಟು ತಾನು ಉತ್ತ ಜಾಗಕ್ಕೆ ಒಡೆಯನಾದ. ‘ಡಿಕ್ಲರೇಶನ್‌ನಲ್ಲಿ ಸಿಕ್ಕಿದ ಜಾಗ’ ಎಂಬ ಮಾತು ಈ ಕಡೆಯ ಮನೆಗಳಲ್ಲಿ ಇಂದಿಗೂ ಬಳಕೆಯಲ್ಲಿದೆ. ಮಕ್ಕಳು ಮುಂಬಯಿಗೆ, ಆಮೇಲೆ ಕೊಲ್ಲಿಗೆ ಹೋದರು. ಬೈಲು ಗದ್ದೆ ಅಡಿಕೆ ತೋಟವಾಯಿತು, ಗುಡ್ಡ ರಬ್ಬರಾಯಿತು, ಹುಲ್ಲಿನ ಮಾಡು ಹೆಂಚಾಗಿ, ಹೆಂಚು ಟೆರೇಸಾಯಿತು. ಏಣೆಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆಯ ಲೆಕ್ಕ ಹೊಸ ಮನೆಯ ಮಕ್ಕಳಿಗೆ ತಿಳಿಯದಾಗುವ ಹೊತ್ತಿಗೆ ಕಂಬಳದ ಚಿತ್ರ ಹಾಲ್‌ಗೆ ಬಂತು. ಫ್ಲಾಂಡರ್ಸ್‌ನ ವರ್ತಕ ತೂಗುಹಾಕಿದ್ದು ಪರರ ಹಬ್ಬವನ್ನು. ಇಲ್ಲಿ ಚೌಕಟ್ಟು ಹಾಕಿಸಿದವನು ಹೆಚ್ಚಾಗಿ ಚಿತ್ರದೊಳಗಿನವನ ಮಗ, ಮೊಮ್ಮಗ. ಈ ಸೀಮೆಯ ಊರಹಬ್ಬದ ಚಿತ್ರವನ್ನು ಯುರೋಪಿನದರ ಅಳತೆಗೋಲಿನಿಂದ ಅಳೆಯಹೊರಟರೆ ತಪ್ಪಿಹೋಗುವ ಸಂಗತಿ ಇದೇ.

ಇಂತಹ ಚಿತ್ರಗಳಲ್ಲಿ ಕಂಬಳಕ್ಕೆ ಮೊದಲ ಸ್ಥಾನ. ಮೂಡುಬಿದಿರೆಯ ಕಡಲಕೆರೆಯ ಕೋಟಿ–ಚೆನ್ನಯ, ಬೆಳ್ತಂಗಡಿ ತಾಲೂಕಿನ ವೇಣೂರಿನ ಸೂರ್ಯ–ಚಂದ್ರ, ಬಂಟ್ವಾಳ ತಾಲೂಕಿನ ಹೊಕ್ಕಾಡಿಗೋಳಿಯ ವೀರ–ವಿಕ್ರಮ, ಅದೇ ತಾಲೂಕಿನ ಮೂಡೂರು–ಪಡೂರು ಜೋಡುಕರೆ ಕಂಬಳಗಳು ಈ ಮೂರು ತಾಲೂಕುಗಳಿಗೆ ಸೇರಿದವು. ನೇಗಿಲು, ಹಗ್ಗ, ಅಡ್ಡಹಲಗೆ, ಕನೆಹಲಗೆ ಎಂಬ ವಿಭಾಗಗಳಲ್ಲಿ ಗೋಡೆಗೆ ಹೆಚ್ಚು ಒಗ್ಗುವುದು ಹಗ್ಗ ಮತ್ತು ಕನೆಹಲಗೆ. ಹಗ್ಗದಲ್ಲಿ ಓಡಿಸುವವನ ಮೈ ನೆಲಕ್ಕೆ ಓರೆಯಾಗಿ ಚಾಚಿಕೊಂಡು ಬಿಲ್ಲಿನಂತಾಗುತ್ತದೆ. ಕನೆಹಲಗೆಯಲ್ಲಿ ಹಲಗೆಯ ತೂತಿನಿಂದ ಚಿಮ್ಮಿದ ಕೆಸರುನೀರು ಆರೂವರೆ, ಏಳೂವರೆ ಕೋಲು ಎತ್ತರದ ನಿಶಾನೆಗೆ ಮುಟ್ಟಬೇಕು. ಆ ನೀರ ಬೀಸಣಿಗೆಯೇ ಚಿತ್ರದ ಅರ್ಧ. 2020ರ ಫೆಬ್ರುವರಿಯಲ್ಲಿ ಮೂಡುಬಿದಿರೆ ಬಳಿಯ ಅಶ್ವತ್ಥಪುರದ ಶ್ರೀನಿವಾಸ ಗೌಡರು ಐಕಳದಲ್ಲಿ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ ಸುದ್ದಿ ದೇಶವೆಲ್ಲ ಹಬ್ಬಿದ ಮೇಲೆ ಈ ಭಂಗಿಯನ್ನು ಕಾಣದವರೇ ಇಲ್ಲವಾದರು. 2014ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಕವಿದ ಅನಿಶ್ಚಿತತೆ 2017ರ ರಾಜ್ಯ ತಿದ್ದುಪಡಿಯ ಬಳಿಕ ಕಡಿಮೆಯಾಗಿ, 2023ರ ಮೇ 18ರ ಸಂವಿಧಾನ ಪೀಠದ ತೀರ್ಪಿನಿಂದ ಕಳೆಯಿತು. ನಡುವಿನ ಆ ವರ್ಷಗಳಲ್ಲಿ ಕಂಬಳದ ಚಿತ್ರಕ್ಕೆ ಅಭಿಮಾನದ, ಹಟದ ಅರ್ಥವೂ ಕೂಡಿಕೊಂಡಿತು. ಕಾರಿನ ಹಿಂದಿನ ಗಾಜಿನಿಂದ ಮನೆಯ ಗೇಟಿನವರೆಗೆ ಕೋಣಗಳು ಬಂದವು.

ಕೋಣ ಸಾಕುವ ಮನೆಗಳದ್ದು ಪ್ರತ್ಯೇಕ ಪರಂಪರೆ. ಅಲ್ಲಿ ಗೆದ್ದ ಜೋಡಿಯ ಫೋಟೋ, ಪದಕ, ಫಲಕಗಳು ಚಾವಡಿಯ ಒಂದು ಗೋಡೆಯನ್ನೇ ಆಕ್ರಮಿಸಿರುತ್ತವೆ. ತೀರಿಹೋದ ಕೋಣದ ಪಟಕ್ಕೆ ಮನೆಯ ಹಿರಿಯರ ಪಟಕ್ಕೆ ಸಲ್ಲುವ ಗೌರವವೇ ಸಲ್ಲುತ್ತದೆ. ಅದನ್ನು ಅಲಂಕಾರ ಎಂದು ಕರೆಯಲು ನನಗೆ ಮನಸ್ಸಾಗದು. ಆದರೆ ಪೇಟೆಯ ಫ್ರೇಮ್ ಅಂಗಡಿಯಲ್ಲಿ ಸಿಗುವ ಕಂಬಳದ ಕ್ಯಾನ್ವಾಸ್ ಪ್ರಿಂಟಿಗೆ ಮಾದರಿ ಈ ಫೋಟೋಗಳೇ.

ರಚನೆಯಲ್ಲಿ ಫ್ಲಾಂಡರ್ಸ್‌ನ ಚಿತ್ರಕ್ಕೂ ಇದಕ್ಕೂ ದೊಡ್ಡ ಅಂತರ. ಬ್ರೂಗೆಲ್ ಎತ್ತರದಲ್ಲಿ ನಿಂತು ನೋಡಿ ನೂರು ಜನರನ್ನು ಬಿಡಿಬಿಡಿಯಾಗಿ ಹರಡುತ್ತಾನೆ, ಯಾರೂ ನಾಯಕನಲ್ಲ. ಕಂಬಳದ ಚಿತ್ರ ಟೆಲಿ ಲೆನ್ಸಿನ ಮಗು. ಎರಡು ಕೋಣ, ಒಬ್ಬ ಓಟಗಾರ, ನೀರು. ಕರೆಯ ಬದಿಯ ಜನ ಮಸುಕು. ಹಬ್ಬ ಹೋಗಿ ಪಂದ್ಯ ಉಳಿಯುತ್ತದೆ. ರಾತ್ರಿ ಎರಡು ಗಂಟೆಗೆ ಚರುಂಬುರಿ ಅಂಗಡಿಯ ಮುಂದೆ ನಿಂತವರು, ಓಟ ಮುಗಿಯುವ ಮಂಜೊಟ್ಟಿಯ ಬಳಿ ಸಮಯದ ಬಗ್ಗೆ ವಾದಿಸುವವರು, ಕೊಂಬು–ವಾದ್ಯದ ಜೊತೆ ಕೋಣ ಇಳಿಸುವ ಮೆರವಣಿಗೆ, ಹೆಗಲ ಮೇಲೆ ನಿದ್ದೆಹೋದ ಮಗು ಇವೆಲ್ಲ ಬ್ರೂಗೆಲನಿಗೆ ಚಿನ್ನದ ಗಣಿಯಾಗುತ್ತಿದ್ದವು, ನಮ್ಮ ಚೌಕಟ್ಟಿನಲ್ಲಿ ಇಲ್ಲ.

ಪೊಳಲಿ ಚೆಂಡಿನ ವಿಷಯದಲ್ಲಿ ಈ ಕೊರತೆ ಇನ್ನೂ ಎದ್ದು ಕಾಣುತ್ತದೆ. ಬಂಟ್ವಾಳ ತಾಲೂಕಿನ ಪೊಳಲಿ ರಾಜರಾಜೇಶ್ವರಿ ದೇವಸ್ಥಾನದ ಜಾತ್ರೆಯಲ್ಲಿ ಐದು ದಿನ, ದೇವಳದ ಮುಂದಿನ ಗದ್ದೆಯಲ್ಲಿ ಚರ್ಮದ ದೊಡ್ಡ ಚೆಂಡಿಗಾಗಿ ಊರೂರಿನ ಗಂಡಸರು ಎರಡು ಪಂಗಡವಾಗಿ ನೂಕಾಡುತ್ತಾರೆ. ಚೆಂಡು ಹೊಲಿದು ಕೊಡುವ ಹೊಣೆ ಸಂಪ್ರದಾಯದಂತೆ ಮೂಡುಬಿದಿರೆಯ ಚಮ್ಮಾರ ಮನೆತನದ್ದು. ಧೂಳು, ಬೆವರು, ಎತ್ತಿದ ನೂರಾರು ಕೈ, ಗದ್ದೆಯ ಅಂಚಿನಲ್ಲಿ ಜಾತ್ರೆಯ ಸಂತೆ. ಈ ಮೂರು ತಾಲೂಕುಗಳಲ್ಲಿ ಜನಸಮೂಹದ ಚಿತ್ರಕ್ಕೆ ಇದಕ್ಕಿಂತ ದೊಡ್ಡ ವಸ್ತು ಬೇರಿಲ್ಲ. ಆದರೂ ಕಂಬಳ ಕಂಡಷ್ಟು ಗೋಡೆಗಳಲ್ಲಿ ಚೆಂಡು ಕಾಣದು. ಗುಂಪನ್ನು ಬರೆಯುವ ಅಭ್ಯಾಸ ನಮ್ಮ ಚಿತ್ರಕಾರರಲ್ಲಿ ಬೆಳೆಯಲಿಲ್ಲ.

ಕರ್ನಾಟಕದಲ್ಲಿ ಗುಂಪಿನ ಚಿತ್ರವೇ ಇಲ್ಲವೆಂದಲ್ಲ. ಮೈಸೂರು ಅರಮನೆಯ ಕಲ್ಯಾಣಮಂಟಪದಲ್ಲಿ ದಸರಾ ಮೆರವಣಿಗೆ ಮತ್ತಿತರ ಉತ್ಸವಗಳ 26 ವರ್ಣಚಿತ್ರಗಳಿವೆ; 1934ರಿಂದ 1945ರ ನಡುವೆ ಆಸ್ಥಾನದ ಚಿತ್ರಕಾರರು ಫೋಟೋಗಳ ನೆರವಿನಿಂದ ಬರೆದವು. ಅದರಲ್ಲಿ ಜನ ಸಾವಿರ, ಹಬ್ಬ ಮಾತ್ರ ಅರಸನದು. ಮಲೆನಾಡಿನ ದೀವರ ಹೆಂಗಸರ ಹಸೆಗೋಡೆ ಚಿತ್ತಾರ ಇನ್ನೊಂದು ದಾರಿ. ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ, ಹುರಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿಯಲ್ಲಿ ಪುಂಡಿ ನಾರಿನ ಕುಂಚದಿಂದ ಮದುವೆಯ ಹಸೆ, ದಂಡಿಗೆ, ತೇರು ಮೂಡುತ್ತವೆ. ಮದುವೆ ನಡೆಯುವ ಮನೆಯ ಗೋಡೆಯಲ್ಲೇ ಆ ಮನೆಯವರೇ ಬರೆಯುವ ಮದುವೆಯ ಚಿತ್ರ ಅದು. ಫ್ಲಾಂಡರ್ಸ್‌ನ ಯಾವ ವರ್ತಕನಿಗೂ ಸಿಗದ ಭಾಗ್ಯ. ಕರಾವಳಿಯ ಶಾಲೆ, ಮನೆಗಳ ಗೋಡೆಗೆ ಈಗ ಹಬ್ಬಿರುವುದು ಮಹಾರಾಷ್ಟ್ರದ ವಾರ್ಲಿ ಕುಣಿತ. ಘಟ್ಟದ ಮೇಲಿನ ಸಾಗರ ಪೇಟೆಯಷ್ಟು ಹತ್ತಿರದ ಚಿತ್ತಾರಕ್ಕೆ ಆ ಜಾಗ ಸಿಕ್ಕಿದ್ದರೆ ಚೆನ್ನಾಗಿತ್ತು.

ಕಂಬಳದ ನಂತರದ ಸ್ಥಾನ ಯಕ್ಷಗಾನದ್ದು. ಸನ್ಮಾನದಲ್ಲಿ, ಮನೆಯೊಕ್ಕಲಿನಲ್ಲಿ ಗಾಜಿನ ಪೆಟ್ಟಿಗೆಯ ಪುಟ್ಟ ಕಿರೀಟ, ವೇಷದ ಮುಖ ಉಡುಗೊರೆಯಾಗಿ ಸಿಗುತ್ತವೆ; ಶೋಕೇಸಿನಲ್ಲಿ ಒಂದಾದರೂ ಇಲ್ಲದ ಮನೆ ಕಡಿಮೆ. ಹಬ್ಬದಲ್ಲಿ ಕಲ್ಲಡ್ಕದ ಬೃಹತ್ ಗೊಂಬೆಗಳು ಮೆರವಣಿಗೆಯಲ್ಲಿ ಕುಣಿಯುತ್ತವೆ, ಮನೆಗೋಡೆಗೆ ಅವು ಇನ್ನೂ ಬಂದಿಲ್ಲ. ಆಟಿ ಕಳೆಂಜ, ಕಂಗಿಲು, ಪುರುಸೆ ಮುಂತಾದ ಕುಣಿತಗಳು ಸಮ್ಮೇಳನದ ದ್ವಾರಗಳಲ್ಲಿ ಕಂಡಷ್ಟು ಮನೆಗಳಲ್ಲಿ ಕಾಣವು.

ದೈವದ ವಿಷಯ ಬೇರೆ. ನೇಮ, ಕೋಲಗಳು ಊರಹಬ್ಬವೂ ಹೌದು, ಆರಾಧನೆಯೂ ಹೌದು. ಬಂಟ್ವಾಳ ತಾಲೂಕಿನ ಪಣೋಲಿಬೈಲಿನ ಕಲ್ಲುರ್ಟಿ ದೈವಕ್ಕೆ ಹರಕೆಯ ಅಗೇಲು, ಕೋಲ ಕೊಡಲು ಜನ ವರ್ಷಗಟ್ಟಲೆ ಕಾಯುತ್ತಾರೆ. ಅಂತಹ ಶಕ್ತಿಯ ಮೊಗವನ್ನು ಸೋಫಾದ ಮೇಲ್ಗಡೆ ತೂಗುಹಾಕುವುದು ಸರಿಯೇ ಎಂಬ ಪ್ರಶ್ನೆ ಹಿಂದಿನಿಂದಲೂ ಇತ್ತು. 2022ರ ಸೆಪ್ಟೆಂಬರಿನಲ್ಲಿ ‘ಕಾಂತಾರ’ ಚಿತ್ರ ತೆರೆಕಂಡ ಮೇಲೆ ಪಂಜುರ್ಲಿ ದೈವದ ಮೊಗ ಅಲಂಕಾರದ ವಸ್ತುವಾಗಿ ದೂರದೂರಿಗೂ ಹೋಯಿತು, ವೇಷ ಹಾಕಿ ಅನುಕರಿಸುವವರೂ ಹೆಚ್ಚಿದರು, ತುಳುನಾಡಿನಲ್ಲಿ ಬಲವಾದ ವಿರೋಧವೂ ಎದ್ದಿತು. ಈ ವಿರೋಧವನ್ನು ಮಡಿವಂತಿಕೆ ಎಂದು ತಳ್ಳಿಹಾಕಲಾಗದು. ದೈವ ನುಡಿ ಕೊಡುವುದು ಕೇಳಲು ನಿಂತವನಿಗೆ, ಗೋಡೆಯ ಮೊಗ ನೋಡುವವನಿಗಲ್ಲ. ಮನೆಯ ದೈವದ ಕೋಣೆಯಲ್ಲಿ ಮೊಗ, ಕಡ್ಸಲೆ ಇರುವ ಕುಟುಂಬಗಳು ಅದೇ ಮೊಗದ ಫೈಬರ್ ಪ್ರತಿಯನ್ನು ಹಾಲ್‌ನಲ್ಲಿಡಲು ಹಿಂಜರಿಯುವುದು ಸಹಜವೇ.

ಚೌಕಟ್ಟಿನಿಂದ ಹೊರಗುಳಿದವರ ಮಾತನ್ನೂ ಹೇಳಬೇಕು. ಕಂಬಳದ ಹಿಂದಿನ ರಾತ್ರಿ ಕೊರಗರು ಗದ್ದೆಯ ಬಳಿ ಇಬ್ಬನಿಯಲ್ಲಿ ಕುಳಿತು ಡೋಲು ಬಾರಿಸಬೇಕಾದ ‘ಪನಿಕುಲ್ಲುನಿ’ ಹಿಂದೆ ಕಂಬಳದ ಭಾಗವಾಗಿತ್ತು. ಕೊರಗರ ಮೇಲೆ ಹೇರಿದ್ದ ಇಂತಹ ಅವಮಾನಗಳನ್ನು 2000ದ ಅಜಲು ಪದ್ಧತಿ ನಿಷೇಧ ಕಾಯ್ದೆ ಅಪರಾಧವೆಂದು ಸಾರಿತು. ಹಾಲ್‌ನ ಚಿತ್ರದಲ್ಲಿ ಆ ರಾತ್ರಿಯ ಸುಳಿವಿಲ್ಲ. ಹೆಂಗಸರೂ ಕಾಣರು, ನಾಟಿ ನೆಟ್ಟವರು, ಓಬೇಲೆ ಎಂಬ ನಾಟಿಯ ಹಾಡು ಹಾಡಿದವರು ಅವರೇ ಆದರೂ. ಬ್ರೂಗೆಲನ ಚಿತ್ರಗಳಿಗೂ ಇಂತಹ ಮೌನ ಉಂಟು. 1566ರಲ್ಲಿ ಅಲ್ಲಿ ಚರ್ಚಿನ ಮೂರ್ತಿಗಳನ್ನು ಒಡೆದ ದಂಗೆ, ಮರುವರ್ಷ ಆಲ್ಬದ ಡ್ಯೂಕನ ಸೈನ್ಯ. ‘ರೈತರ ಮದುವೆ’ಯ ಕಣಜದೊಳಗೆ ಅದರ ಸದ್ದು ಕೇಳಿಸದು.

ಈ ಸೀಮೆಯಲ್ಲಿ ಚಿತ್ರ ಬಾಳುವುದೇ ಕಷ್ಟ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಸುರಿಯುವ ಮಳೆಯಲ್ಲಿ ಹೊರಗೋಡೆ ನೀರು ಹೀರುತ್ತದೆ, ಕ್ಯಾನ್ವಾಸಿಗೆ ಬೂಸ್ಟು ಹಿಡಿಯುತ್ತದೆ, ಚೌಕಟ್ಟಿಗೆ ಗೆದ್ದಲು ಹತ್ತುತ್ತದೆ. ಫ್ಲಾಂಡರ್ಸ್‌ನ ಓಕ್ ಹಲಗೆ ನಾನೂರೈವತ್ತು ವರ್ಷ ಬಾಳಿದೆ; ಇಲ್ಲಿನ ಪ್ರಿಂಟು ಹತ್ತು ಮಳೆಗಾಲ ದಾಟಿದರೆ ಹೆಚ್ಚು. ತಿಳಿದವರು ಚಿತ್ರವನ್ನು ಒಳಗೋಡೆಗೆ ಹಾಕಿ, ಹಿಂದೆ ಬಿರಡೆಯ ತುಂಡಿಟ್ಟು ಗಾಳಿಯಾಡಲು ಬಿಡುತ್ತಾರೆ. ಸಿಮೆಂಟಿನ ಉಬ್ಬುಚಿತ್ರ ಇಷ್ಟೊಂದು ಜನಪ್ರಿಯವಾಗಲು ಈ ಮಳೆಯೂ ಒಂದು ಕಾರಣ. ಪಾಚಿ ಕಟ್ಟಿದರೆ ಚೌತಿಗೆ ಮುಂಚೆ ತಿಕ್ಕಿ ಬಣ್ಣ ಹೊಡೆದರಾಯಿತು.

ಕೈಯಿಂದ ಬರೆದ ಚಿತ್ರಗಳ ಮಟ್ಟ ಏರಲು ನೆರವಾದವರಿದ್ದಾರೆ. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ ಹುಟ್ಟಿದ ಕೆ. ಕೆ. ಹೆಬ್ಬಾರ್ (1911–1996) ಕುಣಿತ, ವಾದ್ಯ, ದುಡಿಮೆಗಳನ್ನು ಒಂದೇ ಎಳೆಯ ರೇಖೆಯಲ್ಲಿ ಹಿಡಿಯಬಹುದೆಂದು ತೋರಿಸಿಕೊಟ್ಟರು. ಮುಂಬಯಿಯ ಜೆ. ಜೆ. ಶಾಲೆಯಲ್ಲೂ ಪ್ಯಾರಿಸಿನಲ್ಲೂ ಕಲಿತ ಅವರು 1989ರಲ್ಲಿ ಪದ್ಮಭೂಷಣ ಪಡೆದರು. ಕರಾವಳಿಯ ಹಬ್ಬವನ್ನು ವರ್ಣನೆಗಿಂತ ಲಯವಾಗಿ ನೋಡುವ ಕಣ್ಣು ಇಲ್ಲಿನ ಚಿತ್ರಕಾರರಿಗೆ ಅವರಿಂದ ಬಂತೆಂದು ನನ್ನ ನಂಬಿಕೆ. ಮಂಗಳೂರಿನ ಮಹಾಲಸಾ ಚಿತ್ರಕಲಾ ಶಾಲೆಯಲ್ಲಿ ಕಲಿತವರು ಈ ತಾಲೂಕುಗಳಲ್ಲಿ ಶಾಲಾ ಮಾಸ್ತರರಾಗಿ, ರಂಗಸಜ್ಜಿಕೆಯವರಾಗಿ ದುಡಿಯುತ್ತಾರೆ. ಮೂಡುಬಿದಿರೆಯ ಆಳ್ವಾಸ್ ಸಂಸ್ಥೆಯ ಚಿತ್ರಸಿರಿ, ವರ್ಣವಿರಾಸತ್ ಶಿಬಿರಗಳು ಹೊರಗಿನ ಕಲಾವಿದರನ್ನು ಈ ಊರಿಗೆ ಕರೆತಂದಿವೆ.

ಹಬ್ಬದ ವಸ್ತುಗಳನ್ನೇ ಉಳಿಸಿದ ಕೇಂದ್ರಗಳೂ ಇವೆ. ಬಂಟ್ವಾಳದ ಬಿ. ಸಿ. ರೋಡ್ ಬಳಿ ಪ್ರೊ. ತುಕಾರಾಮ ಪೂಜಾರಿಯವರು ಕಟ್ಟಿದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದ ತುಳು ಬದುಕು ವಸ್ತುಸಂಗ್ರಹಾಲಯದಲ್ಲಿ ಬೇಸಾಯದ, ಅಡುಗೆಯ, ಆಟದ ಉಪಕರಣಗಳಿವೆ. ಅಬ್ಬಕ್ಕನನ್ನು ಕುರಿತ ಚಿತ್ರಶಾಲೆಯೂ ಇದೆ. ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯ ಬೆಳ್ತಂಗಡಿ ತಾಲೂಕಿನದು. ಚಿತ್ರ ಬರೆಯುವವರು ಫೋಟೋ ಬಿಟ್ಟು ಈ ನೇಗಿಲು, ನೊಗ, ಹಲಗೆಗಳ ಮುಂದೆ ಕುಳಿತರೆ ಮರದ ತೂಕ, ಹಗ್ಗದ ಸವೆತ ಕೈಗೆ ತಿಳಿದೀತು. ಕಂಬಳದ ಚಿತ್ರದಲ್ಲಿ ಕೋಣದ ಹೆಸರನ್ನು, ಯಜಮಾನನ ಮನೆಯ ಹೆಸರನ್ನು, ಗೆದ್ದ ವರ್ಷವನ್ನು ಅಡಿಯಲ್ಲಿ ತಪ್ಪದೆ ಬರೆಸುವ ರೂಢಿ ಇದೆ. ಚಿತ್ರ ಬರೆದವನ, ಫೋಟೋ ತೆಗೆದವನ ಹೆಸರು ಅಪರೂಪ. ಬ್ರೂಗೆಲ್ ತನ್ನ ಹಲವು ಹಲಗೆಗಳ ಮೂಲೆಯಲ್ಲಿ ಹೆಸರು, ಇಸವಿ ಬರೆದಿದ್ದರಿಂದ ಆತನ ಕೈಯನ್ನು ಮಗನ ಕೈಯಿಂದ ಬೇರ್ಪಡಿಸುವುದು ಸುಲಭವಾಯಿತು. ಫ್ರೇಮ್ ಅಂಗಡಿಯವರು ಚೌಕಟ್ಟಿನ ಹಿಂದೆ ಅಷ್ಟೇ ಮಾಹಿತಿಯನ್ನು ಒಂದು ಚೀಟಿಯಲ್ಲಿ ಅಂಟಿಸಿದರೂ ಈ ಮೂರು ತಾಲೂಕುಗಳ ಚಿತ್ರಕಾರರ ಪಟ್ಟಿ ಮಾಡುವ ಕೆಲಸ ಶುರುವಾಗಬಹುದು.